ಕಟ್ಟೆಯ ಸೇನಾಪತಿಗಳಿಗೆ ಬೋನಾಳದಿಂದ ಒಂದು ಬಿನ್ನಹ



ಪಾಕಿಸ್ತಾನದ ಜೊತೆ ಕಾದಾಟ ನಡೆದಿದ್ದ 2025ರ ಮೇ 8ರ ರಾತ್ರಿ ಟಿವಿಯವರು ಕರಾಚಿ ಬಂದರನ್ನು ಉಡಾಯಿಸಿದಾಗ ತಾವು ಇಡೀ ಹೋಟೆಲಿಗೆ ಚಹಾ ಹೇಳಿದ್ದು ಊರಿಗೆ ನೆನಪಿದೆ. ಬೆಳಗಾಗುವಷ್ಟರಲ್ಲಿ ಬಂದರು ಇದ್ದಲ್ಲೇ ಇತ್ತು. ಚಹಾದ ರೊಕ್ಕ ಇನ್ನೂ ಉದ್ರಿಯಲ್ಲೇ ಇದೆ ಎಂದು ಹೋಟೆಲಿನವ ಗೊಣಗುತ್ತಾನೆ. ಅವನ ಮೇಲೂ ಒಂದು ಕಣ್ಣಿಡಿ.

ಅದೇ ವಾರ ಒಬ್ಬ ಮುದುಕ, ಸುಸ್ಲಾ ತಿನ್ನುತ್ತ ಕೂತವ, "ಪಹಲ್ಗಾಮದಾಗ ಉಗ್ರರ ದಾಳಿಗೆ ಇಪ್ಪತ್ತಾರು ಮಂದಿ ಸತ್ತ್ರಲ್ಲ, ಅಲ್ಲಿ ಕಾವಲು ಯಾಕಿರಲಿಲ್ಲ?" ಎಂದು ಕೇಳಿಬಿಟ್ಟ. "ಯುದ್ಧ ನಡದಾಗ ಬಾಯಿ ಮುಚ್ಕೊಂಡಿರಬೇಕು" ಎಂದು ತಾವು ಗುಡುಗಿದಿರಿ. ಆತ ಕೈಯಲ್ಲಿದ್ದ ಅರ್ಧ ಮಿರ್ಚಿಯನ್ನು ಪ್ಲೇಟಿನಲ್ಲಿಟ್ಟು, ಟವೆಲ್ ಹೆಗಲಿಗೆ ಹಾಕಿಕೊಂಡು ಎದ್ದುಹೋದ. ಗಡಿಯಿಂದ ಇಷ್ಟು ದೂರದಲ್ಲಿ ದೇಶ ಗೆದ್ದ ಮೊದಲ ಹೊರಠಾಣೆ ಅದೇ ಇರಬೇಕು.

ತಮ್ಮ ನೀತಿ ನನಗೆ ಪೂರ್ಣ ಒಪ್ಪಿಗೆ. ಆದರೆ ಅದು ನಮ್ಮ ಸೀಮೆಗೆ ಹೊಸದಲ್ಲ. 1948ರಲ್ಲಿ ನಮ್ಮ ಸುರಪುರ, ಶಹಾಪುರ, ಯಾದಗಿರಿ ಎಲ್ಲವೂ ನಿಜಾಮರ ಗುಲ್ಬರ್ಗಾ ಜಿಲ್ಲೆ. ನಿಜಾಮರ ಪರ ನಿಂತ ರಜಾಕಾರರ ದಂಡಿನ ನಾಯಕ ಕಾಸಿಂ ರಜ್ವಿಯವರು ದಿಲ್ಲಿಯ ಕೆಂಪುಕೋಟೆಯ ಮೇಲೆ ಅಸಫ್‌ಜಾಹಿ ಬಾವುಟ ಹಾರಿಸುವುದಾಗಿ ಭಾಷಣ ಬಿಗಿಯುತ್ತಿದ್ದರು. ಅಂಥ ಹೊತ್ತಿನಲ್ಲಿ ಶೋಯಬುಲ್ಲಾ ಖಾನ್ ಎಂಬ, ಇನ್ನೂ ಮೂವತ್ತು ತುಂಬದ ಪತ್ರಕರ್ತ, ತನ್ನ 'ಇಮ್ರೋಜ್' ಎಂಬ ಉರ್ದು ಪತ್ರಿಕೆಯಲ್ಲಿ ಭಾರತದ ಜೊತೆ ಸೇರುವುದೇ ಸರಿ ಎಂದು ಬರೆದ. ಆಗಸ್ಟ್‌ನಲ್ಲಿ, ಕಚೇರಿಯಿಂದ ರಾತ್ರಿ ಮನೆಗೆ ಹೊರಟವನನ್ನು ಹೈದರಾಬಾದಿನ ಬೀದಿಯಲ್ಲಿ ಕೊಂದರು, ಬರೆದ ಕೈಯನ್ನೇ ಕಡಿದರು. ಸಂಸ್ಥಾನದಲ್ಲಿ ಎಂಥ ಒಗ್ಗಟ್ಟು ಮೂಡಿತೆಂದರೆ, ನಿಜಾಮರಿಗೆ "ಹುಜೂರ್, ಗೆಲ್ಲುವುದಿಲ್ಲ" ಎನ್ನುವ ಗಂಡಸು ಸಿಗುವುದೇ ಅಪರೂಪವಾಯಿತು. ಮೂರು ವಾರ ಕಳೆದು ಸೆಪ್ಟೆಂಬರ್ 13ಕ್ಕೆ ಭಾರತದ ಸೇನೆ ಒಳಬಂತು. 17ಕ್ಕೆ ಎಲ್ಲ ಮುಗಿದಿತ್ತು.

ಮುಗಿಯಿತು ಎಂದದ್ದು ತಪ್ಪು. ಆಮೇಲೆ ನಡೆದ ಕೊಲೆಗಳಲ್ಲಿ ಆಗಿನ ನಮ್ಮ ಗುಲ್ಬರ್ಗಾ ಜಿಲ್ಲೆ ಅತಿ ಹೆಚ್ಚು ನೊಂದವುಗಳಲ್ಲೊಂದು. ಅದನ್ನು ವಿಚಾರಿಸಲು ಬಂದ ಸುಂದರಲಾಲ್ ಸಮಿತಿಯ ಅಂದಾಜಿನಂತೆ ಸಂಸ್ಥಾನದಲ್ಲಿ ಸತ್ತವರು 27 ಸಾವಿರದಿಂದ 40 ಸಾವಿರ. ಆ ವರದಿಯನ್ನು ದಿಲ್ಲಿಯವರು ದಶಕಗಟ್ಟಲೆ ಬೀಗ ಹಾಕಿಟ್ಟರು. ಬಾಯಿ ಮುಚ್ಚಿಸುವ ಈ ವಿದ್ಯೆಯಲ್ಲಿ ಗೆದ್ದವರು, ಸೋತವರು ಎಂಬ ಭೇದವಿಲ್ಲ ನೋಡಿ.

ನೆಹರೂ ಮಾತ್ರ ತಮ್ಮ ಶಾಲೆಯಲ್ಲಿ ನಪಾಸು. 1959ರಲ್ಲಿ ಕೊಡಗಿನ ಜನರಲ್ ತಿಮ್ಮಯ್ಯ ರಾಜೀನಾಮೆ ಕೊಟ್ಟಾಗ ಅದನ್ನು ವಾಪಸು ತೆಗೆಸಿ ಬಾಯಿ ಮುಚ್ಚಿಸಿದ್ದರು, ಅಲ್ಲಿಯವರೆಗೆ ಪಾಸು. 1962ರ ನವೆಂಬರ್‌ನಲ್ಲಿ ಚೀನಾದವರು ಗಡಿಯ ಒಳಗಿರುವಾಗಲೇ ಸಂಸತ್ತಿನ ಬಾಗಿಲು ತೆರೆದರು. ಅಧಿವೇಶನ ಗುಟ್ಟಾಗಿ ನಡೆಯಲಿ ಎಂದವರ ಮಾತು ಕೇಳಲಿಲ್ಲ. ತಮ್ಮದೇ ಪಕ್ಷದವರ ತಕರಾರಿಗೆ ಮಣಿದು ರಕ್ಷಣಾ ಮಂತ್ರಿ ಕೃಷ್ಣ ಮೆನನ್‌ರನ್ನು ಮನೆಗೆ ಕಳಿಸಿದರು. ಯುವಕ ವಾಜಪೇಯಿ ಎದುರಿಗೆ ನಿಂತು ತರಾಟೆಗೆ ತೆಗೆದುಕೊಂಡರು. ಸೋತದ್ದೇನೋ ನಿಜ. ಆದರೆ ವಾಜಪೇಯಿ ಕೇಳಿದ್ದರಿಂದ ಒಂದು ಠಾಣೆ ಹೋಯಿತು ಎಂದು ಅವರ ವೈರಿಗಳೂ ಹೇಳಿಲ್ಲ.

ಸೇನೆಯ ಓಡಾಟದ ಗುಟ್ಟು ಹೊರಬಿದ್ದರೆ ಅಪಾಯ, ಅದು ಬೇರೆ ಮಾತು, ಅದರಲ್ಲಿ ತಮಾಷೆ ಇಲ್ಲ. ಅದಕ್ಕೇ ಸರ್ಕಾರ 2025ರ ಏಪ್ರಿಲ್‌ನಲ್ಲಿ ಕಾರ್ಗಿಲ್, ಕಂದಹಾರ್, ಮುಂಬೈ ನೆನಪಿಸಿ ನೇರ ಪ್ರಸಾರ ಬೇಡವೆಂದು ಬುದ್ಧಿ ಹೇಳಿತು. ಹೇಳಿದ್ದು ಮುದುಕನಿಗಲ್ಲ, ತಾವು ರಾತ್ರಿಯಿಡೀ ನೋಡುವ ಆ ಟಿವಿಯವರಿಗೆ.

ಮುದುಕನ ಮೇಲಷ್ಟೇ ಅಲ್ಲ, ಚಳಿಗಾಲದಲ್ಲಿ ನಮ್ಮ ಕೆರೆಗೆ ಹಿಮಾಲಯ ಹಾರಿ ಬರುವ ಪಟ್ಟೆತಲೆ ಹೆಬ್ಬಾತುಗಳ ಬಗ್ಗೆಯೂ ತಮಗೆ ಅನುಮಾನವಿದೆಯೆಂದು ಕೇಳಿದೆ. ಗದ್ದಲ ಬಹಳ ಮಾಡುತ್ತವೆ, ಹೌದು. ಆಧಾರ್ ಕಾರ್ಡೂ ಇಲ್ಲ.

ಕೊನೆಗೊಂದು ಕೆಲಸದ ಮಾತು. ಅದೇ ಸೆಪ್ಟೆಂಬರ್ 17ರ ನೆನಪಿನ ಕಲ್ಯಾಣ ಕರ್ನಾಟಕ ಉತ್ಸವದಲ್ಲಿ ಧ್ವಜಾರೋಹಣವಾದ ಮೇಲೆ ಭಾಷಣ ತಮ್ಮದೇ ಅಂತೆ. ಹುತಾತ್ಮರ ಪಟ್ಟಿಯಲ್ಲಿ ಶೋಯಬುಲ್ಲಾನ ಹೆಸರು ಬಂದರೆ ದಯವಿಟ್ಟು ಕೆಮ್ಮಿ ಮುಂದಕ್ಕೆ ಹೋಗಿ. ಮುದುಕ ಮೊದಲ ಸಾಲಿನಲ್ಲೇ ಕೂರುತ್ತೇನೆಂದಿದ್ದಾನೆ. ಚಹಾದ ಬಾಕಿ ಹಿಡಿದುಕೊಂಡು ಹೋಟೆಲಿನವನೂ ಬರುತ್ತಾನಂತೆ.

ಇಂತಿ ತಮ್ಮ ಆಜ್ಞಾಧಾರಕ,
ಬೋನಾಳದ ಒಬ್ಬ ತಕರಾರುದಾರ