ಫೂಟ್ ಸಾರ್, ಫೂಟ್!

ಕೊಡಗಿನಲ್ಲಿ ಹಾಕಿ ನಿಯಮ ಗೊತ್ತಿಲ್ಲದ ಮನುಷ್ಯನನ್ನು ನಾನಿನ್ನೂ ನೋಡಿಲ್ಲ. ತೋಟದ ರೈಟರಿಗೆ ಗೊತ್ತು, ಬಸ್ ಕಂಡಕ್ಟರಿಗೆ ಗೊತ್ತು, ಮೈದಾನದ ಮೂಲೆಯಲ್ಲಿ ಚುರುಮುರಿ ಕಲಸುವವನಿಗೂ ಗೊತ್ತು. 1997ರಲ್ಲಿ ಕರಡ ಗ್ರಾಮದಲ್ಲಿ ಪಾಂಡಂಡ ಕುಟ್ಟಪ್ಪನವರು ಶುರುಮಾಡಿದ ಕೌಟುಂಬಿಕ ಹಾಕಿ ಉತ್ಸವಕ್ಕೆ ಮುನ್ನೂರಕ್ಕೂ ಮಿಕ್ಕಿ ಒಕ್ಕಗಳು, ಅಂದರೆ ಮನೆತನಗಳು, ತಂಡ ಕಟ್ಟಿಕೊಂಡು ಬಂದದ್ದುಂಟು. ಅಜ್ಜನೂ ಮೊಮ್ಮಗಳೂ ಒಂದೇ ತಂಡದಲ್ಲಿ ಆಡುವ ನಾಡಿದು. ಇಂಥ ಕಡೆ ಹುಟ್ಟಿದವನು ನಿಯಮದ ಪುಸ್ತಕ ಬಿಡಿಸಿ ಕೂರುವುದೆಂದರೆ ಮೀನಿನ ಮರಿ ಈಜಿನ ಕ್ಲಾಸಿಗೆ ಸೇರಿದ ಹಾಗೆ. ನಮ್ಮವರು ಆ ಅವಮಾನವನ್ನು ತಂದುಕೊಂಡಿಲ್ಲ.

ನಾನು ಸಮಾಜ ವಿಜ್ಞಾನದ ಮೇಷ್ಟ್ರು. ಕೈಬರಹ ಚೆನ್ನಾಗಿದೆ ಎಂಬ ಒಂದೇ ಕಾರಣಕ್ಕೆ ಪ್ರತಿವರ್ಷ ಶಾಲಾ ಕ್ರೀಡಾಕೂಟದಲ್ಲಿ ನನ್ನನ್ನು ಹಾಕಿ ಸ್ಕೋರ್ ಬರೆಯುವ ಮೇಜಿಗೆ ಕೂರಿಸುತ್ತಾರೆ. ಹನ್ನೊಂದು ಮಳೆಗಾಲ ಆ ಮೇಜಿನ ಹಿಂದೆ ಕೊಡೆ ಹಿಡಿದು ಕೂತು, ನಮ್ಮ ಪಿ.ಟಿ. ಮೇಷ್ಟ್ರುಗಳು, ಕೋಚುಗಳು, ಮಕ್ಕಳ ತಂದೆತಾಯಿಯರು ಹಾಕಿ ನಿಯಮಕ್ಕೆ ಹೇಳುವ ಭಾಷ್ಯವನ್ನು ಕಿವಿತುಂಬ ಕೇಳಿದ್ದೇನೆ. ಬ್ರಹ್ಮಸೂತ್ರಕ್ಕೆ ಮೂವರು ಆಚಾರ್ಯರು ಭಾಷ್ಯ ಬರೆಯುವಷ್ಟರಲ್ಲಿ ಶತಮಾನಗಳೇ ಕಳೆದಿದ್ದವು. ನಮ್ಮಲ್ಲಿ ಒಂದು ಶಾರ್ಟ್ ಕಾರ್ನರಿಗೆ ಅರ್ಧ ನಿಮಿಷದಲ್ಲಿ ಎಂಟು ಭಾಷ್ಯ ಹುಟ್ಟುತ್ತವೆ, ಒಂಬತ್ತನೆಯದು ಚುರುಮುರಿಯವನದು. ಇಷ್ಟೊಂದು ಪಾಂಡಿತ್ಯ ಸ್ಕೋರ್ ಶೀಟಿನ ಹೊರಗೇ ಉಳಿದುಹೋಗುತ್ತಿದೆಯಲ್ಲ ಎಂಬ ಸಂಕಟಕ್ಕೆ ಇದನ್ನು ಬರೆಯುತ್ತಿದ್ದೇನೆ.

ಮೊದಲು ಕಾಲಿನ ವಿಚಾರ. ಅಂತಾರಾಷ್ಟ್ರೀಯ ಹಾಕಿ ಫೆಡರೇಷನ್ನಿನ ಪುಸ್ತಕದ ಪ್ರಕಾರ ಚೆಂಡು ಕಾಲಿಗೆ ತಗುಲಿದ ಮಾತ್ರಕ್ಕೆ ತಪ್ಪಾಗುವುದಿಲ್ಲ. ತಗುಲಿದ್ದರಿಂದ ಆ ಆಟಗಾರನಿಗೆ ಲಾಭ ಆಗಿರಬೇಕು, ಇಲ್ಲವೇ ಮೈಯಿಂದಲೇ ತಡೆಯಬೇಕೆಂದು ಅವನು ಬೇಕಂತಲೇ ಅಡ್ಡ ನಿಂತಿರಬೇಕು. ಎಷ್ಟು ತೊಡಕಿನ ಮಾತು ನೋಡಿ! ಸೀಟಿ ಊದುವ ಮೊದಲು ಅಂಪೈರ್ ಯೋಚಿಸಬೇಕಂತೆ. ನಮ್ಮ ಮೈದಾನ ಅವರಿಗೆ ಆ ಕಷ್ಟ ಕೊಡುವುದಿಲ್ಲ. ಚೆಂಡು ಕಾಲನ್ನು ತಲುಪುವ ಮೊದಲೇ 'ಫೂಟ್ ಸಾರ್, ಫೂಟ್!' ಎಂಬ ಕೂಗು ಅಂಪೈರನ್ನು ತಲುಪಿರುತ್ತದೆ. ಆಮೇಲೆ ಚೆಂಡು ಕಾಲಿಗೆ ತಗುಲಿದರೂ ಒಂದೇ, ಪಕ್ಕದಲ್ಲಿ ಹಾದುಹೋದರೂ ಒಂದೇ.

ಕಾಲು ಎಂದರೆ ಎಲ್ಲಿಂದ ಎಲ್ಲಿಯವರೆಗೆ ಎಂಬುದನ್ನೂ ನಮ್ಮ ಕೋಚುಗಳು ಖಚಿತಪಡಿಸಿದ್ದಾರೆ. ಎದುರಾಳಿಯ ಕಾಲು ಸೊಂಟದಿಂದ ಶುರುವಾಗಿ ಅವನ ನೆರಳಿನ ತುದಿಗೆ ಮುಗಿಯುತ್ತದೆ. ನಮ್ಮ ಹುಡುಗನ ಕಾಲು ಶೂವಿನ ಲೇಸಿನಷ್ಟು. ಈ ಅಂಗರಚನಾ ಶಾಸ್ತ್ರದ ಮೇಲೆಯೇ ಒಂದು ತರಬೇತಿ ಪದ್ಧತಿ ನಿಂತಿದೆ. ಗೋಲಿನ ಮುಂದೆ ಎಳೆದ ಡಿ ಒಳಗೆ ರಕ್ಷಣೆಯವನ ಕಾಲಿಗೆ ಚೆಂಡು ತಗುಲಿ ಸೀಟಿ ಬಿತ್ತೆಂದರೆ ಪೆನಾಲ್ಟಿ ಕಾರ್ನರ್, ಅಂದರೆ ಅದೇ ಶಾರ್ಟ್ ಕಾರ್ನರ್. ಗೋಲಿನ ಅಗಲ ಬರೀ 3.66 ಮೀಟರ್, ಅದರೊಳಗೆ ಪ್ಯಾಡು ಕಟ್ಟಿಕೊಂಡು ಒಬ್ಬ ನಿಂತಿರುತ್ತಾನೆ. ಕಾಲುಗಳಾದರೋ ಡಿ ತುಂಬ ಇವೆ, ಕಾಯುವವರಿಲ್ಲ. ಹೀಗಾಗಿ ಆರನೇ ತರಗತಿಯಲ್ಲೇ ಮಕ್ಕಳಿಗೆ ಗೋಲು ನೋಡುವುದನ್ನು ಬಿಡಿಸಿ ಕಾಲು ನೋಡುವುದನ್ನು ಕಲಿಸುತ್ತಾರೆ. ಡ್ರಿಬಲ್ ಮಾಡಿಕೊಂಡು ಮೂವರನ್ನು ದಾಟಿ ಹೋದ ಹುಡುಗನೊಬ್ಬ ಕೊನೆಗೆ ಗೋಲಿಗೇ ಹೊಡೆದುಬಿಟ್ಟ. ಅವನ ಕೋಚ್ ತಲೆ ಚಚ್ಚಿಕೊಂಡರು: 'ಅಲ್ಲೇ ಕಾಲಿತ್ತಲ್ಲೋ!'

ಇನ್ನು ಆ ಡಿ. ಗೋಲು ಗೋಲಾಗಬೇಕಾದರೆ ದಾಳಿ ಮಾಡುವ ತಂಡದವರು ಡಿ ಒಳಗೆ ಚೆಂಡನ್ನು ಆಡಿರಬೇಕು. ಅದರ ಗೆರೆ ಗೋಲಿನಿಂದ 14.63 ಮೀಟರ್ ದೂರ. ಈ 63 ಸೆಂಟಿಮೀಟರನ್ನು ಪುಸ್ತಕದವರು ಯಾವ ನೆಲದ ಮೇಲೆ ಅಳೆದರೋ ಗೊತ್ತಿಲ್ಲ, ಕೈಲ್‌ಪೊಳ್ದ್ ಹಬ್ಬದ ಸಮಯದ ಮಳೆಯಲ್ಲಂತೂ ಅಳೆದಿರಲಾರರು. ನಮ್ಮಲ್ಲಿ ಬೆಳಿಗ್ಗೆ ಎಂಟಕ್ಕೆ ಹಗ್ಗ ಹಿಡಿದು ಸುಣ್ಣದ ಪುಡಿಯಲ್ಲಿ ಎಳೆದ ಡಿ ಒಂಬತ್ತೂವರೆಗೆ ಚರಂಡಿಯಲ್ಲಿ ಹರಿಯುತ್ತಿರುತ್ತದೆ. ಆಮೇಲೆ ಡಿ ಉಳಿಯುವುದು ನೋಡುವವರ ಮನಸ್ಸಿನಲ್ಲಿ. ಆತಿಥೇಯ ಶಾಲೆ ದಾಳಿಗೆ ಬಂದಾಗ ಅದು ನಡು ಮೈದಾನದವರೆಗೆ ಹಿಗ್ಗುವುದನ್ನೂ, ಅತಿಥಿಗಳು ಬಂದಾಗ ಗೋಲ್‌ಕೀಪರಿನ ಟವೆಲಿನಷ್ಟಕ್ಕೆ ಕುಗ್ಗುವುದನ್ನೂ ನಾನು ಕಣ್ಣಾರೆ ಕಂಡಿದ್ದೇನೆ.

ಪೆನಾಲ್ಟಿ ಕಾರ್ನರಿನಲ್ಲಿ ಮೊದಲ ಹೊಡೆತ ಹಿಟ್ ಆಗಿದ್ದರೆ ಚೆಂಡು 460 ಮಿಲಿಮೀಟರಿಗಿಂತ ಮೇಲೆ ಗೋಲು ದಾಟುವಂತಿಲ್ಲ. ಫ್ಲಿಕ್ ಆದರೆ ಎತ್ತರದ ಗೊಡವೆಯಿಲ್ಲ. ಗೋಲಿನ ಹಿಂದೆ ಅಷ್ಟೇ ಎತ್ತರದ ಹಲಗೆ ಇರುತ್ತದೆ, ಅಂಪೈರಿಗೆ ಅದೇ ಅಳತೆ. ನಮ್ಮ ಗೋಲುಗಳಿಗೆ ಹಲಗೆ ಇಲ್ಲದ್ದರಿಂದ ಗೋಲ್‌ಕೀಪರಿನ ಮಂಡಿಯನ್ನೇ ಹಲಗೆಯೆಂದು ತಿಳಿಯುವ ಪದ್ಧತಿ ಬೆಳೆದಿದೆ. ಇದರಿಂದ ಎತ್ತರದ ಹುಡುಗನನ್ನು ಗೋಲಿಗೆ ನಿಲ್ಲಿಸಿದ ಶಾಲೆಗೆ ಹೆಚ್ಚು ಗೋಲು ಬೀಳುತ್ತದೆ, ಕುಳ್ಳನಿರುವ ಶಾಲೆ ಬಚಾವಾಗುತ್ತದೆ. ಕುಳ್ಳರಿಗೂ ಕ್ರೀಡೆಯಲ್ಲಿ ಸ್ಥಾನ ಬೇಕು ಎಂದು ಭಾಷಣದಲ್ಲಿ ಹೇಳುತ್ತೇವಲ್ಲ, ಅದನ್ನು ಮಾಡಿ ತೋರಿಸಿದವರು ನಮ್ಮ ಅಂಪೈರುಗಳೇ.

ಆಬ್‌ಸ್ಟ್ರಕ್ಷನ್ನಿಗೆ ಹೆಚ್ಚು ಮಾತು ಬೇಡ. ಚೆಂಡು ಪಡೆಯುವವನು ನಿಂತಲ್ಲೇ ನಿಂತು ಯಾವ ದಿಕ್ಕಿಗಾದರೂ ಮುಖ ಮಾಡಿರಬಹುದು, ಎದುರಾಳಿಯ ಮೇಲೆ ಬೆನ್ನು ತಂದು ಒತ್ತಬಾರದು, ಅವನು ಚೆಂಡಿಗೆ ಸ್ಟಿಕ್ ಹಾಕುವಾಗ ಮೈ ಅಡ್ಡ ಇಟ್ಟು ಮುಚ್ಚಬಾರದು ಎಂದು ನಿಯಮ. ಇದನ್ನೇ ನಮ್ಮ ಹುಡುಗಿ ಮಾಡಿದರೆ ಅದರ ಹೆಸರು 'ಬಾಲ್ ಕವರ್', ಅವರ ಹುಡುಗಿ ಮಾಡಿದರೆ 'ಬೆನ್ನು ತೋರಿಸಿದಳು ಸಾರ್'.

ಟಚ್‌ಲೈನಿನ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರುವ ನಿವೃತ್ತ ಸುಬೇದಾರರೊಬ್ಬರನ್ನು ನೆನೆಯದೆ ಮುಂದೆ ಹೋದರೆ ಪಾಪ ಬಂದೀತು. ನಮ್ಮ ಬಿ.ಪಿ. ಗೋವಿಂದ ಆಡಿದ ಭಾರತ ತಂಡ 1975ರಲ್ಲಿ ವಿಶ್ವಕಪ್ ಗೆದ್ದಿತು. ಸುಬೇದಾರರ ನಿಯಮಪುಸ್ತಕ ಆ ಸಂತೋಷದಲ್ಲಿ ಅಲ್ಲೇ ನಿಂತುಬಿಟ್ಟಿದೆ. ಬುಲ್ಲಿಯಿಂದ ಆಟ ಶುರುಮಾಡುವುದು 1981ರಲ್ಲಿ ಹೋಯಿತು. ಆದರೂ ಅವರು ಪ್ರತಿ ಪಂದ್ಯಕ್ಕೂ ಮುನ್ನ ಇಬ್ಬರು ಸೆಂಟರ್ ಫಾರ್ವರ್ಡುಗಳು ಸ್ಟಿಕ್ ತಟ್ಟುವುದನ್ನು ಕಾಯುತ್ತಾರೆ. ಚೆಂಡು ಹೆಗಲಿಗಿಂತ ಮೇಲೆ ಬಂದರೂ ಅಪಾಯವಾಗದಂತೆ ಆಡಬಹುದೆಂದು ಆಗಿ ವರ್ಷಗಳಾದವು, ಅವರು 'ಸ್ಟಿಕ್ಸ್!' ಎಂದು ಎದ್ದು ನಿಲ್ಲುತ್ತಾರೆ. 2009ರಿಂದ ಫ್ರೀ ಹಿಟ್ ತೆಗೆದುಕೊಳ್ಳುವವರು ತಮಗೆ ತಾವೇ ಚೆಂಡು ಕೊಟ್ಟುಕೊಂಡು ಓಡಬಹುದು. ಮಕ್ಕಳು ಹಾಗೆ ಓಡಿದಾಗಲೆಲ್ಲ ಸುಬೇದಾರರು ಎದೆ ಹಿಡಿದುಕೊಳ್ಳುತ್ತಾರೆ. ಎಲ್ಲಕ್ಕಿಂತ ದೊಡ್ಡದು ಆಫ್‌ಸೈಡ್. 1990ರ ದಶಕದಲ್ಲೇ ತೀರಿಕೊಂಡ ಆ ನಿಯಮಕ್ಕೆ ಇಡೀ ಕೊಡಗಿನಲ್ಲಿ ತಪ್ಪದೆ ತಿಥಿ ಮಾಡುತ್ತಿರುವವರು ಅವರೊಬ್ಬರೇ. ಹೊಸ ಅಂಪೈರುಗಳು ಅವರ ಗಡಸು ದನಿಗೆ ಅಂಜಿ ಎರಡು ಸಲ ಆಫ್‌ಸೈಡ್ ಕೊಟ್ಟದ್ದೂ ಉಂಟು. ನಾನು ಶೀಟಿನಲ್ಲಿ ಬರೆದುಕೊಂಡಿದ್ದೇನೆ.

ಅಂಪೈರುಗಳ ಬಗ್ಗೆ ಹೇಳುವುದಾದರೆ, ಪುಸ್ತಕ ಇಬ್ಬರನ್ನು ಕೇಳುತ್ತದೆ, ಆಳಿಗೊಂದು ಅರ್ಧ ಮೈದಾನ. ಜೊತೆಗೆ ಅಂಪೈರ್ ಆದವರು ಪಂದ್ಯದ ವೇಳೆ ಕೋಚಿಂಗ್ ಮಾಡಬಾರದು ಎಂದೂ ಹೇಳುತ್ತದೆ. ನಮ್ಮಲ್ಲಿ ಒಬ್ಬರೇ ಮೇಷ್ಟ್ರು 91.40 ಮೀಟರ್ ಉದ್ದವನ್ನೂ ಓಡಿ, ಸೀಟಿಯನ್ನೂ ಊದಿ, ನಡುವೆ 'ಎಡಕ್ಕೆ ಹಾಕೋ, ರೈಟ್ ಹಾಫ್ ಖಾಲಿ ಇದಾನೆ' ಎಂದು ತಮ್ಮ ಶಾಲೆಯ ಹುಡುಗರಿಗೆ ದಾರಿಯನ್ನೂ ತೋರಿಸುತ್ತಾರೆ. ಸಂಬಳ ಒಂದೇ. ಅವರ ಕೈಸನ್ನೆಗಳನ್ನು ನೋಡುವುದೇ ಒಂದು ಭಾಗ್ಯ. ಫೂಟ್ ಎನ್ನಲು ಕಾಲೆತ್ತಿ ಕೈಯಿಂದ ಮುಟ್ಟಿ ತೋರಿಸಬೇಕು. ಒಮ್ಮೆ ನಮ್ಮ ಮೇಷ್ಟ್ರು ಜಿಗಣೆ ಕೀಳಲು ಬಗ್ಗಿ ಕಾಲು ಎತ್ತಿದರು. ಎರಡೂ ತಂಡದವರು ಫ್ರೀ ಹಿಟ್ ತಮಗೇ ಎಂದು ಓಡಿಬಂದರು. ಅವರು ಮುಖ ಕೆಡಿಸಿಕೊಳ್ಳದೆ ಹತ್ತಿರ ಇದ್ದವನಿಗೆ ಕೊಟ್ಟರು.

ಅಪಾಯದ ಆಟಕ್ಕೆ ನಮ್ಮವರು ಕೊಟ್ಟಿರುವ ಅರ್ಥ ಮಾತ್ರ ಜಗತ್ತಿನ ಯಾವ ತರಬೇತಿ ಶಿಬಿರದಲ್ಲೂ ಸಿಗಲಾರದು. 5 ಮೀಟರಿನೊಳಗೆ ಇರುವ ಎದುರಾಳಿಯ ಕಡೆ ಚೆಂಡನ್ನು ಎತ್ತಿ ಫ್ಲಿಕ್ ಮಾಡಿದರೆ ಅಪಾಯ ಎಂದು ನಿಯಮ. ಚೆಂಡಿನಿಂದ ಪಾರಾಗಲು ಆಟಗಾರ ನ್ಯಾಯವಾಗಿಯೇ ಮೈ ತಪ್ಪಿಸಿಕೊಳ್ಳಬೇಕಾಗಿ ಬಂದರೆ ಅದೂ ಅಪಾಯವೇ. ಅಂದರೆ ಮಗು ತಲೆ ತಗ್ಗಿಸಿತು ಎಂಬುದೇ ಪುಸ್ತಕಕ್ಕೆ ಸಾಕ್ಷಿ. ನಮ್ಮ ತರ್ಕ ಇದಕ್ಕಿಂತ ಸೂಕ್ಷ್ಮ: 'ತಪ್ಪಿಸಿಕೊಂಡನಲ್ಲ, ಇನ್ನೆಲ್ಲಿ ಅಪಾಯ?' ತಲೆ ತಗ್ಗಿಸಿದವನಿಗೆ ಏನೂ ಆಗಿಲ್ಲ, ಏನೂ ಆಗದಿದ್ದಾಗ ಸೀಟಿ ಏಕೆ? ಚೆಂಡು ಹಿಂದೆ ಹೋಯಿತು, ಗೋಲೂ ಆಯಿತು, ಕೋಚಿನಿಂದ ಬೈಗುಳ ಬೇರೆ, 'ಹೆದರುಪುಕ್ಕಲ!' ಹೀಗೆ ನಾಲ್ಕಾರು ಪಂದ್ಯ ಆದಮೇಲೆ ಜಾಣ ಮಕ್ಕಳು ತಲೆ ತಗ್ಗಿಸುವುದನ್ನು ಬಿಟ್ಟಿದ್ದಾರೆ. ಹೋದ ವರ್ಷ ಏಳನೇ ತರಗತಿಯ ಹುಡುಗನೊಬ್ಬ ಎರಡು ಮಾರು ದೂರದಿಂದ ಎದ್ದು ಬಂದ ಚೆಂಡಿಗೆ ಅಲುಗದೆ ನಿಂತ. ಹಾಕಿ ಚೆಂಡು ಕಡಿಮೆಯೆಂದರೆ 156 ಗ್ರಾಂ ತೂಗುತ್ತದೆ. ಈ ಸಲ ಅಪಾಯದ ಬಗ್ಗೆ ಎರಡು ಅಭಿಪ್ರಾಯ ಬರಲಿಲ್ಲ. ಸೀಟಿ ಬಿತ್ತು, ಅವನ ತಂಡಕ್ಕೆ ಫ್ರೀ ಹಿಟ್ ಸಿಕ್ಕಿತು, ಕೋಚ್ ಚಪ್ಪಾಳೆ ತಟ್ಟಿದರು. ಹುಡುಗನ ಮುಂಬಲ್ಲನ್ನು ಯಾರೋ ಕಾಗದದಲ್ಲಿ ಸುತ್ತಿ ತಂದು ನನ್ನ ಮೇಜಿನ ಮೇಲೆ ಇಟ್ಟರು. ಸ್ಕೋರ್ ಶೀಟಿನಲ್ಲಿ ಅದಕ್ಕೆ ಕಾಲಂ ಇರಲಿಲ್ಲ.

ಎಲ್ಲವೂ ಹೀಗೆ ಸುಸೂತ್ರವಾಗಿ ನಡೆಯುತ್ತಿರುವಾಗ ಒಂದು ಕೆಟ್ಟ ಸುದ್ದಿಯನ್ನೂ ಹೇಳಬೇಕಾಗಿದೆ. ಈ ವರ್ಷದ ಬಾಲಕಿಯರ ಪಂದ್ಯದಲ್ಲಿ ಎಂಟನೇ ತರಗತಿಯ ಹುಡುಗಿಯೊಬ್ಬಳು, ಒಂದು ತಂಡದ ನಾಯಕಿ, ಚೆಂಡು ತಳ್ಳಿಕೊಂಡು ಡಿ ಬಳಿ ಬಂದಿದ್ದಳು. ಅಂದರೆ ಡಿ ಇರಬಹುದಾದ ಜಾಗದ ಬಳಿ. ಚೆಂಡು ಎದುರಾಳಿಯ ಕಾಲಿಗೆ ತಗುಲಿ ಮತ್ತೆ ಇವಳ ಸ್ಟಿಕ್ಕಿಗೇ ಬಂತು. ಮುಂದೆ ಗೋಲ್‌ಕೀಪರ್ ಬಿಟ್ಟರೆ ಯಾರೂ ಇರಲಿಲ್ಲ. ದಂಡೆಯಿಂದ 'ಫೂಟ್ ಸಾರ್!' ಎಂದು ಕೂಗೆದ್ದಿತು, ಮೇಷ್ಟ್ರು ವಾಡಿಕೆಯಂತೆ ಸೀಟಿ ಊದಿದರು. ಆಟ ನಿಂತಿತು. ಹುಡುಗಿ ಚೆಂಡನ್ನು ಅಲ್ಲೇ ಬಿಟ್ಟು ಬಂದು ಕೇಳಿದಳು:

'ಸಾರ್, ಯಾರಿಗೆ ನಷ್ಟ ಆಯ್ತು ಅಂತ ಸೀಟಿ ಹೊಡೆದ್ರಿ?'

'ನಿಮಗೇ ಕೊಟ್ಟಿದ್ದೀನಲ್ಲಮ್ಮ ಫ್ರೀ ಹಿಟ್ಟು!'

'ಬಾಲ್ ನನ್ನ ಹತ್ರಾನೇ ಇತ್ತಲ್ಲ ಸಾರ್. ನಂಗೆ ಗೋಲ್ ಹೋಯ್ತು, ಅವ್ರಿಗೆ ಹತ್ತು ಜನ ಹಿಂದೆ ಬಂದ್ರು. ತಪ್ಪು ಮಾಡಿದೋರಿಗೇ ಲಾಭ ಆಯ್ತಲ್ಲ.'

ಮೈದಾನ ತುಸು ಹೊತ್ತು ಸುಮ್ಮನಾಯಿತು. ಎದುರಾಳಿ ನಿಯಮ ಮುರಿದದ್ದರಿಂದ ಒಬ್ಬರಿಗೆ ನಷ್ಟವಾದಾಗ ಮಾತ್ರ ದಂಡ ಕೊಡಬೇಕು ಎಂದು ಪುಸ್ತಕದಲ್ಲಿ ನಿಜಕ್ಕೂ ಒಂದು ಸಾಲಿದೆ. ನಷ್ಟವಿಲ್ಲದಿದ್ದರೆ ಅಂಪೈರ್ ಒಂದು ಕೈ ಎತ್ತಿ, ಲಾಭ ಇರುವ ಕಡೆ ತೋರಿಸಿ, ಸೀಟಿಯನ್ನು ಬಾಯಿಂದ ದೂರ ಇಟ್ಟುಕೊಳ್ಳಬೇಕು. ಒಮ್ಮೆ ಬೇರೆ ತಾಲ್ಲೂಕಿನಿಂದ ಬಂದ ಯುವಕನೊಬ್ಬ ಹಾಗೆ ಕೈ ಎತ್ತಿ ಸುಮ್ಮನೆ ಓಡಿದ್ದ. 'ಅಂಪೈರ್ ಸೀಟಿ ನುಂಗಿದ' ಎಂದು ಎರಡೂ ಕಡೆಯವರು ಸೇರಿ ಅವನನ್ನು ಬಸ್‌ಸ್ಟ್ಯಾಂಡಿನವರೆಗೆ ಕಳಿಸಿಕೊಟ್ಟರು. ಅಂಥ ಉದಾಹರಣೆ ಕಣ್ಣ ಮುಂದಿರುವಾಗ ನಮ್ಮ ಮೇಷ್ಟ್ರು ತಪ್ಪುವವರೇ? ಜೇಬಿನಿಂದ ಗ್ರೀನ್ ಕಾರ್ಡ್ ತೆಗೆದರು. ಹಳೆಯ ನೋಟ್‌ಬುಕ್ಕಿನ ರಟ್ಟಿನಿಂದ ಅವರೇ ಕತ್ತರಿಸಿಕೊಂಡದ್ದು. ಗ್ರೀನ್ ಎಂದರೆ 2 ನಿಮಿಷ ಹೊರಗೆ.

ಆ 2 ನಿಮಿಷ ಅವಳು ನನ್ನ ಮೇಜಿನ ಪಕ್ಕವೇ ಕೂತಿದ್ದಳು. ಕೊಡೆಯನ್ನು ಅವಳ ಕಡೆ ಸರಿಸಿ, ಇದನ್ನೆಲ್ಲ ಯಾರು ಹೇಳಿಕೊಟ್ಟರು ಎಂದು ಕೇಳಿದೆ. 'ಯಾರೂ ಇಲ್ಲ ಸಾರ್. ಪುಸ್ತಕ ಮೊಬೈಲಲ್ಲೇ ಸಿಗುತ್ತೆ, ಫ್ರೀ. ಕಾಲು ಮುರಿದು ಮನೇಲಿದ್ದಾಗ ಓದಿದೆ' ಎಂದಳು. ಒಟ್ಟು ಹದಿನಾಲ್ಕು ನಿಯಮಗಳಂತೆ. ಅದರಲ್ಲಿ ಅಂಪೈರಿಗೂ ಒಂದು ಇದೆಯಂತೆ. ನನಗೆ ಬೆನ್ನಹುರಿಯಲ್ಲಿ ಚಳಿ ಹತ್ತಿತು. ಒಂದು ಕಾಲು ಮುರಿದದ್ದಕ್ಕೆ ಇಷ್ಟಾದರೆ, ಮುಂದೆ ಏನು ಗತಿ? ಇಂಥ ಮಕ್ಕಳು ಪ್ರತಿ ಶಾಲೆಯಲ್ಲೂ ನಾಲ್ವರು ಹುಟ್ಟಿಕೊಂಡರೆ ಸುಬೇದಾರರು ಎಲ್ಲಿಗೆ ಹೋಗಬೇಕು, ಚುರುಮುರಿಯವನ ಭಾಷ್ಯವನ್ನು ಯಾರು ಕೇಳಬೇಕು?

ಆದ್ದರಿಂದ ಓದುಗರಲ್ಲಿ ಒಂದು ಕೋರಿಕೆ. ಮುಂದಿನ ಪಂದ್ಯಾವಳಿಗೆ ನಮಗೆ ಇನ್ನೊಬ್ಬ ಅಂಪೈರ್ ಬೇಕಾಗಿದ್ದಾರೆ. ಹಾಕಿ ಆಡಿರಬೇಕೆಂದಿಲ್ಲ. ಪುಸ್ತಕವನ್ನಂತೂ ಓದಿರಲೇಬಾರದು. ಕಿವಿ ಚುರುಕಾಗಿದ್ದು, ದಂಡೆಯ ಯಾವ ಕಡೆ ಕೂಗು ದೊಡ್ಡದೆಂದು ತಿಳಿದರೆ ಸಾಕು. ಬೆಳಿಗ್ಗೆ ಒಂಬತ್ತಕ್ಕೆ ಶುರು, ಊಟ ಕೊಡುತ್ತೇವೆ, ಸೀಟಿಯನ್ನೂ ಶಾಲೆಯಿಂದಲೇ ಕೊಡುತ್ತೇವೆ. ಹಲ್ಲಿನ ಗಾರ್ಡ್ ಮಾತ್ರ ಮಕ್ಕಳು ಮನೆಯಿಂದ ತರಬೇಕು.