ಐರೋಲಿಯ ಡೇಟಾ ಸೆಂಟರ್‌ಗಳಿಗೆ ಕೋಪರಿಯಿಂದ ಒಂದು ಕಾಗದ

ಠಾಣೆ ಕ್ರೀಕ್ ಎಂಬ ಖಾಡಿಯ ಆಚೆ ದಡದ ಐರೋಲಿ, ರಬಾಳೆ, ಮಹಾಪೆಗಳಲ್ಲಿ ನೆಲೆಸಿರುವ ಶ್ರೀಮಾನ್ ಡೇಟಾ ಸೆಂಟರ್‌ಗಳಿಗೆ,

ಠಾಣೆ ಪೂರ್ವದ ಕೋಪರಿಯಿಂದ ಸಾಷ್ಟಾಂಗ ನಮಸ್ಕಾರ. ಇತ್ತ ಕ್ಷೇಮ ಎಂದು ಬರೆಯುವುದು ರೂಢಿ. ಸದ್ಯಕ್ಕೆ ಅದನ್ನು ತಡೆಹಿಡಿದಿದ್ದೇನೆ. ತಮ್ಮ ಕ್ಷೇಮವನ್ನಂತೂ ವಿಚಾರಿಸಬೇಕಾಗಿಯೇ ಇಲ್ಲ. ಹಗಲಿರುಳು ತಂಪು ಗಾಳಿ, ಕರೆಂಟ್ ಹೋದರೆ ಬ್ಯಾಟರಿ, ಬ್ಯಾಟರಿ ಮುಗಿಯುವುದರೊಳಗೆ ಡೀಸೆಲ್ ಜನರೇಟರ್, ಬೆರಳೊತ್ತಿದರಷ್ಟೇ ತೆರೆಯುವ ಬಾಗಿಲು. ಸಮುದ್ರದಡಿಯ ಕೇಬಲ್‌ಗಳು ಮುಂಬಯಿಯಲ್ಲಿ ದಡ ಸೇರುತ್ತವೆಂದು ತಾವು ಹಳೆಯ ಕಾರ್ಖಾನೆಗಳ ನಡುವೆ ಬಂದು ಬಿಡಾರ ಹೂಡಿದಿರಿ. ಖಾಡಿಯ ಫ್ಲೆಮಿಂಗೋಗಳ ಜೌಗು ನೆಲೆಗೆ 2022ರಲ್ಲಿ ರಾಮ್‌ಸಾರ್ ಎಂಬ ಅಂತರರಾಷ್ಟ್ರೀಯ ಮನ್ನಣೆಯ ರಕ್ಷಣೆ ಸಿಕ್ಕಿತು. ತಮಗೆ ಕಾವಲುಗಾರರಿದ್ದಾರೆ. ನಡುವೆ ಉಳಿದವರು ನಾವು.

ತಮ್ಮ ಉಪಕಾರ ಮರೆತಿಲ್ಲ. 1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ಇಂಟರ್‌ನೆಟ್ ಕೊಟ್ಟಾಗ ಟೆಲಿಫೋನಿನ ತಂತಿ ಕೀರಲು ದನಿಯಲ್ಲಿ ಅತ್ತೂ ಕರೆದೂ ಒಂದು ಪುಟ ತೋರಿಸುತ್ತಿತ್ತು. ಆ ವೇಗದಲ್ಲಿ ಕಳ್ಳತನಕ್ಕೂ ತಾಳ್ಮೆ ಬೇಕಿತ್ತು. 2016ರಲ್ಲಿ ಯುಪಿಐ ಬಂತು, ಅದೇ ವರ್ಷದ ಸೆಪ್ಟೆಂಬರಿನಲ್ಲಿ ತಮ್ಮ ನೆರೆಯ ಘಣಸೋಲಿಯಿಂದ ಜಿಯೋ ಬಂತು. ನಮ್ಮ ಹೊಟೇಲಿನ ಕುಂದಾಪುರದ ಹುಡುಗ ಈಗ ಸಂಬಳ ಕೈಗೆ ಬಂದ ಗಳಿಗೆಯಲ್ಲೇ ಊರಿನ ತಾಯಿಗೆ ಹಣ ಕಳಿಸುತ್ತಾನೆ. ಗಿರಾಕಿಗಳು ಸುಳ್ಳು ಸ್ಕ್ರೀನ್‌ಶಾಟ್ ತೋರಿಸಿ ಇಡ್ಲಿ ವಡೆ ತಿಂದು ಹೋಗುತ್ತಿದ್ದರು; ಈಗ ಗಲ್ಲಾದ ಮೇಲಿನ ಡಬ್ಬಿ ಹಣ ಬಂದರೆ ಕೂಗಿ ಹೇಳುತ್ತದೆ. ಕಳ್ಳ ಚುರುಕಾದಷ್ಟೂ ನಮಗೆ ಹೊಸ ಹೊಸ ಡಬ್ಬಿಗಳು ಸಿಗುತ್ತವೆ. ಆವಿಷ್ಕಾರ ಎನ್ನುವುದು ಇದನ್ನೇ ಇರಬೇಕು.

ಈಗ ನಮ್ಮ ಕಡೆಯ ಭದ್ರತೆ ನೋಡಿ. ಸ್ಟೇಷನ್ ರಸ್ತೆಯ ಝೆರಾಕ್ಸ್ ಅಂಗಡಿಗೆ ಹೋಗಿ, ಗೋಡೆಗೆ ಅಂಟಿಸಿದ ನಂಬರಿಗೆ ಆಧಾರ್ ಕಾರ್ಡನ್ನು ವಾಟ್ಸಾಪ್ ಮಾಡಿದರೆ ಪ್ರಿಂಟ್ ಕೈಗೆ ಬರುತ್ತದೆ. ಕಳಿಸಿದ ಫೈಲು ಮಾತ್ರ ಅಂಗಡಿಯವನ ಕಂಪ್ಯೂಟರಿನ ಡೌನ್‌ಲೋಡ್ಸ್‌ನಲ್ಲೇ ತಂಗುತ್ತದೆ. ಒಮ್ಮೆ ಬಗ್ಗಿ ನೋಡಿದೆ: ಪ್ಯಾನ್ ಕಾರ್ಡು, ಬ್ಯಾಂಕ್ ಪಾಸ್‌ಬುಕ್ಕು, ಯಾರದೋ ಮದುವೆ ಸರ್ಟಿಫಿಕೇಟು, ನಮ್ಮ ಸೊಸೈಟಿಯ ಸೆಕ್ರೆಟರಿಯ ರಕ್ತ ಪರೀಕ್ಷೆ. ಕಾವಲಿಗೆ ಒಂದು ಟೇಬಲ್ ಫ್ಯಾನ್.

ನಮ್ಮ ಮಹಡಿಯ ಮಾಸ್ತರರು ಮುಂಬಯಿಯ ಕನ್ನಡ ಶಾಲೆಯೊಂದರಿಂದ ನಿವೃತ್ತರಾದವರು. ಖಾಕಿ ತೊಟ್ಟ ಒಬ್ಬ ಅವರನ್ನು ವಿಡಿಯೋ ಕಾಲಿನಲ್ಲಿ ‘ಡಿಜಿಟಲ್ ಅರೆಸ್ಟ್’ ಮಾಡಿದ. ಕಾನೂನಿನಲ್ಲಿ ಅಂಥದ್ದು ಇಲ್ಲವೇ ಇಲ್ಲ ಎಂದು 2024ರ ಅಕ್ಟೋಬರ್ 27ರ ‘ಮನ್ ಕಿ ಬಾತ್’ನಲ್ಲಿ ಪ್ರಧಾನಿಯೇ ಹೇಳಿದ್ದರು, ಮಾಸ್ತರರು ಕೇಳಿಯೂ ಇದ್ದರು. ಆದರೆ ಪರದೆಯ ಮೇಲಿನವನಿಗೆ ಅವರ ಆಧಾರ್ ನಂಬರು, ಮಗನ ಹೆಸರು, ಪಿಂಚಣಿ ಬರುವ ಬ್ಯಾಂಕು ಎಲ್ಲ ಬಾಯಿಪಾಠ. ಇಷ್ಟು ಗೊತ್ತಿರುವವನು ಸರ್ಕಾರದವನೇ ಇರಬೇಕಲ್ಲ! ಫೈಬರ್ ಕನೆಕ್ಷನ್ ಬೇರೆ. ಬೆಳಿಗ್ಗೆಯಿಂದ ಸಂಜೆಯವರೆಗೆ ಚಿತ್ರ ಒಮ್ಮೆಯೂ ತಡವರಿಸಲಿಲ್ಲ. ಇನ್ನೇನು ಠೇವಣಿ ಮುರಿಸಬೇಕು ಎನ್ನುವಾಗ ಕರೆಂಟ್ ಹೋಯಿತು, ವೈಫೈ ಸತ್ತಿತು, ಮಾಸ್ತರರಿಗೆ ಜಾಮೀನು ಸಿಕ್ಕಿತು.

ಸರ್ಕಾರ ಸುಮ್ಮನೆ ಕೂತಿತ್ತು ಎನ್ನಲಾರೆ. ಸೈಬರ್ ವಂಚನೆಯ ಬಗ್ಗೆ ಎಚ್ಚರಿಸುವ ಕಾಲರ್ ಟ್ಯೂನಾಗಿ ಅಮಿತಾಭ್ ಬಚ್ಚನ್ನರ ದನಿಯನ್ನು ನಮ್ಮ ಕಾವಲಿಗೆ ನೇಮಿಸಿತ್ತು. ಆದರೆ ಅದು ಕೇಳಿಸುತ್ತಿದ್ದದ್ದು ಫೋನ್ ಮಾಡಿದವನಿಗೆ. ಮಾಸ್ತರರಿಗೆ ಫೋನ್ ಬಂದದ್ದು. ಆ ಬುದ್ಧಿಮಾತು ಬಿದ್ದಿದ್ದರೆ ಕಳ್ಳನ ಕಿವಿಗೇ ಬೀಳಬೇಕಿತ್ತು. ಮಾಹಿತಿ ರಕ್ಷಣೆಯ ಕಾಯ್ದೆಗೆ 2023ರ ಆಗಸ್ಟಿನಲ್ಲಿ ಅಂಕಿತ ಬಿತ್ತು, ನಿಯಮಗಳು ಬಂದದ್ದು 2025ರ ನವೆಂಬರಿನಲ್ಲಿ, ಸಂಸ್ಥೆಗಳು ಅದಕ್ಕೆ ಹೊಂದಿಕೊಳ್ಳಲು ಮತ್ತೆ 18 ತಿಂಗಳು. ದಂಡ ಮಾತ್ರ ₹250 ಕೋಟಿವರೆಗೂ ಇದೆ. ಝೆರಾಕ್ಸ್ ಅಂಗಡಿಯವನಿಗೆ ಇದನ್ನು ಹೇಳಿದೆ. ಕಂತಿನಲ್ಲಿ ಕಟ್ಟಬಹುದೇ ಎಂದು ಕೇಳಿದ.

ಕಡೆಗೆ ಒಂದು ಕೋರಿಕೆ. ತಮ್ಮಲ್ಲಿ ಒಂದು ರ‍್ಯಾಕ್ ಖಾಲಿಯಿದ್ದರೆ ದಯಮಾಡಿ ತಿಳಿಸಿ. ಮಾಸ್ತರರ ಮಾಹಿತಿ ಹೇಗೂ ತಮ್ಮಂಥವರಲ್ಲೇ ಸುಖವಾಗಿದೆ. ಅವರನ್ನೂ ಅದರ ಜೊತೆ ಕೂರಿಸಿಬಿಡುತ್ತೇವೆ. ಊಟದ ಡಬ್ಬ ಟ್ರಾನ್ಸ್‌ಹಾರ್ಬರ್ ರೈಲಿನಲ್ಲಿ ನಾವೇ ಕಳಿಸುತ್ತೇವೆ. ಅಲ್ಲಿ ಕರೆಂಟ್ ಹೋಗುವುದಿಲ್ಲ ಎಂಬುದೊಂದೇ ಅವರ ಅಂಜಿಕೆ. ಗೇಟಿನಲ್ಲಿ ಗುರುತಿನ ಚೀಟಿ ಕೇಳಿದರೆ ಝೆರಾಕ್ಸ್ ಅಂಗಡಿಗೆ ಒಂದು ಫೋನ್ ಮಾಡಿ, ಅವನು ಕಳಿಸುತ್ತಾನೆ.

ಇಂತಿ ತಮ್ಮ ವಿಧೇಯ,
ಕೋಪರಿಯ ಹೊಟೇಲೊಂದರ ಗಲ್ಲಾದಲ್ಲಿ ಕೂರುವವ