ಕೊಡೆ ಮರೆತ ಅಳಿಯ

ಮಳೆಯಲ್ಲಿ ತೊಯ್ಯುತ್ತಾ ನಿಂತವರನ್ನು ಕಂಡರೆ ಮಲೆನಾಡಿನವರಿಗೆ ಮೊದಲು ಅಯ್ಯೋ ಪಾಪ ಅನ್ನಿಸುತ್ತದೆ. ಎರಡನೇ ಕ್ಷಣಕ್ಕೆ ಅವರ ತಲೆ ನೆಟ್ಟಗಿದೆಯೋ ಇಲ್ಲವೋ ಎಂಬ ಅನುಮಾನ ಬರುತ್ತದೆ. 2024ರ ಮೇ 22ರ ಸಂಜೆ ಲಂಡನ್ನಿನ ಡೌನಿಂಗ್ ಸ್ಟ್ರೀಟಿನ ಹತ್ತನೇ ನಂಬರಿನ ಮನೆಯೆದುರು ಪ್ರಧಾನಿ ರಿಷಿ ಸುನಕ್ ಚುನಾವಣೆ ಘೋಷಿಸಲು ನಿಂತಾಗ ನನಗೆ ಎರಡೂ ಆದವು. ಮೊದಲು ಕೋಟಿನ ಭುಜ ಕಪ್ಪಗಾಯಿತು, ಆಮೇಲೆ ತೋಳು, ಆಮೇಲೆ ಇಡೀ ಕೋಟು. ಗೇಟಿನಾಚೆ ಯಾರೋ ಪ್ರತಿಭಟನೆಕಾರರು 1997ರಲ್ಲಿ ಲೇಬರ್ ಪಕ್ಷ ಬಳಸಿದ್ದ ಚುನಾವಣೆ ಹಾಡನ್ನು ಜೋರಾಗಿ ಹಾಕಿಬಿಟ್ಟಿದ್ದರು. ಜುಲೈ 4ಕ್ಕೆ ಮತದಾನ ಎಂದು ಸುನಕ್ ಹೇಳಿದ್ದು ನನಗೆ ಕೇಳಿಸಿತೋ ಇಲ್ಲವೋ, ಸಾಗರದಿಂದ ಅಮ್ಮನ ಫೋನು ಬಂತು.

"ಅಲ್ಲ ಮಾರಾಯ, ಅಷ್ಟು ದೊಡ್ಡ ಮನೇಲಿ ಒಂದು ಕೊಡೆ ಇರಲಿಲ್ವನ?"

ಅಮ್ಮನಿಗೆ ರಿಷಿ ಸುನಕ್ ಬ್ರಿಟನ್ನಿನ ಪ್ರಧಾನಿ ಅಲ್ಲ, ಅಳಿಯ. ಹೆಂಡತಿ ಅಕ್ಷತಾ ಹುಟ್ಟಿದ್ದು ಹುಬ್ಬಳ್ಳಿಯಲ್ಲಿ, ಅತ್ತೆ ಸುಧಾ ಮೂರ್ತಿ ಶಿಗ್ಗಾಂವಿಯವರು. ಇಷ್ಟು ಸಾಕು. ಅಳಿಯನನ್ನು ಬರಿತಲೆಯಲ್ಲಿ ಮಳೆಗೆ ಕಳಿಸುವ ಪದ್ಧತಿ ನಮ್ಮ ಕಡೆ ಇಲ್ಲ. "ನೀನು ಅವನಿಗೇ ಹಾಕು, ಪಾಪ" ಎಂದರು ಅಮ್ಮ. ಸುನಕ್ ನಿಂತಿರುವುದು ಯಾರ್ಕ್‌ಶೈರಿನಲ್ಲಿ, ನಾನಿರುವುದು ಲಂಡನ್ನಿನ ಹೊರವಲಯದಲ್ಲಿ, ಹಾಕಬೇಕೆಂದರೂ ಹಾಕಲಿಕ್ಕೆ ಆಗುವುದಿಲ್ಲ ಎಂದೆ. "ಹಂಗಾರೆ ಓಟು ಇದ್ದೂ ಏನು ಪ್ರಯೋಜನ?" ಎಂದು ಫೋನಿಟ್ಟರು. ಈ ಪ್ರಶ್ನೆ ಆರು ವಾರ ನನ್ನ ಬೆನ್ನು ಬಿಡಲಿಲ್ಲ.

ನನಗೆ ಓಟು ಇದೆ ಎನ್ನುವುದೇ ಒಂದು ತಮಾಷೆ. ನನ್ನದು ಈಗಲೂ ಭಾರತದ ಪಾಸ್‌ಪೋರ್ಟು. ಆದರೂ ಕಾಮನ್‌ವೆಲ್ತ್ ದೇಶದ ಪ್ರಜೆ ಎಂಬ ಕಾರಣಕ್ಕೆ, ಇಲ್ಲಿ ಕಾನೂನುಬದ್ಧವಾಗಿ ವಾಸವಾಗಿರುವವನಿಗೆ ಪಾರ್ಲಿಮೆಂಟಿನ ಚುನಾವಣೆಯಲ್ಲಿ ಮತ ಹಾಕುವ ಹಕ್ಕಿದೆ. ಎದುರುಮನೆಯ ಪೋಲೆಂಡಿನ ಬಡಗಿ ಇಪ್ಪತ್ತು ವರ್ಷದಿಂದ ಇಲ್ಲಿಯೇ ಇದ್ದಾರೆ, ಅರ್ಧ ಬೀದಿಯ ಕಿಟಕಿಗಳನ್ನು ಕೂರಿಸಿದ್ದಾರೆ, ಅವರಿಗಿಲ್ಲ. ಅದೇ ಮೇ 7ರಂದು ಶಿವಮೊಗ್ಗ ಕ್ಷೇತ್ರದಲ್ಲಿ ಲೋಕಸಭೆಗೆ ಮತದಾನ ನಡೆಯಿತು. ಅಲ್ಲಿ ಹಾಕಬೇಕಾದರೆ ನಾನು ವಿಮಾನ ಹತ್ತಿ ಹೋಗಿ ಬೂತಿನ ಮುಂದೆ ಖುದ್ದಾಗಿ ನಿಲ್ಲಬೇಕಿತ್ತು. ಬಿಟ್ಟುಬಂದ ಮನೆಯಲ್ಲಿ ಮಾತಿಲ್ಲ, ಬಾಡಿಗೆ ಮನೆಯಲ್ಲಿ ಯಜಮಾನಿಕೆ!

ಇಲ್ಲಿನ ಪತ್ರಿಕೆಗಳು ನನ್ನಂಥವರನ್ನು ತೇಲುವ ಮತದಾರ ಎನ್ನುತ್ತವೆ. ತೇಲುವುದು ನಮ್ಮ ಭಾಷೆಯಲ್ಲಿ ಅಂಥ ಮರ್ಯಾದೆಯ ಕೆಲಸವಲ್ಲ. ಮಾತು ತೇಲಿಸುವವನಿಗೆ ಸಾಲ ಕೊಡುವುದಿಲ್ಲ. ತೇಲುಗಣ್ಣು ಮೇಲುಗಣ್ಣು ಆದರೆ ಡಾಕ್ಟರನ್ನು ಕರೆಸುತ್ತಾರೆ. ಆದರೆ ಇಲ್ಲಿ ಚುನಾವಣೆ ಬಂತೆಂದರೆ ತೇಲುವವನಿಗೇ ಉಪಚಾರ. ನಾನು ತೇಲತೊಡಗಿ ಒಂಬತ್ತು ವರ್ಷವಾಗಿತ್ತು. 2015, 2017, 2019, ಮೂರು ಸಲಕ್ಕೆ ಮೂರು ಬೇರೆ ಪಕ್ಷಕ್ಕೆ ಹಾಕಿದ್ದೇನೆ. ನನ್ನ ಹೆಂಡತಿ ಇದನ್ನು ಚಂಚಲತೆ ಎನ್ನುತ್ತಾಳೆ. ಅಷ್ಟರಲ್ಲಿ ಈ ದೇಶ ಐದು ಪ್ರಧಾನಿಗಳನ್ನು ಕಂಡಿತ್ತು, ಅವರಲ್ಲಿ ಲಿಜ್ ಟ್ರಸ್ ಇದ್ದದ್ದು 49 ದಿನ, ಒಂದು ಮಂಡಲಕ್ಕಿಂತ ಒಂದೇ ದಿನ ಹೆಚ್ಚು. ಇಂಥಲ್ಲಿ ಚಂಚಲ ಯಾರು ಎಂದು ನಾನೂ ಕೇಳಬಹುದಿತ್ತು. ಕೇಳಲಿಲ್ಲ, ಅವಳ ಕೈಯಲ್ಲಿ ಲಟ್ಟಣಿಗೆ ಇತ್ತು.

ನಮ್ಮ ಮನೆಯ ಬಾಗಿಲಿನಲ್ಲಿ ಕಾಗದ ಹಾಕುವ ಕಿಂಡಿಯೊಂದಿದೆ. ಚಳಿಗಾಳಿ ಬಾರದಿರಲೆಂದು ಅದರ ಒಳಗೆ ಬಿರುಸು ಬ್ರಷ್ಷಿನ ಅಂಚು. ಬ್ರಷ್ಷು ಎಲ್ಲ ಪಕ್ಷದ ಕರಪತ್ರಗಳನ್ನೂ ಸಮನಾಗಿ ಕಚ್ಚಿ ಅರ್ಧಕ್ಕೆ ಹಿಡಿದುಕೊಳ್ಳುತ್ತದೆ. ಹೊಸ ಕ್ಷೇತ್ರ ವಿಂಗಡಣೆಯಾದ ಮೇಲೆ ನಮ್ಮ ಬೀದಿ ಗೆಲುವು ಯಾರದೆಂದು ಹೇಳಲಾಗದ ಕಡೆಗೆ ಸೇರಿತ್ತು. ಹಾಗಾಗಿ ಆ ಕಿಂಡಿಗೆ ಪುರುಸೊತ್ತೇ ಇರಲಿಲ್ಲ. ಒಂದು ಪಕ್ಷದ ಕರಪತ್ರದಲ್ಲಿ 'ಇಲ್ಲಿ ಇರುವುದು ಇಬ್ಬರ ನಡುವಿನ ಪೈಪೋಟಿ ಮಾತ್ರ' ಎಂದು ಬಣ್ಣದ ಕಂಬಗಳ ಚಿತ್ರ. ಮಗಳು ಸ್ಕೇಲು ತಂದು ಅಳೆದಳು. ಎದುರಾಳಿಯ ಕಂಬ ಲೆಕ್ಕದ ಪ್ರಕಾರ ಅರ್ಧಕ್ಕೆ ಬರಬೇಕು, ಮೊಣಕಾಲಿಗೂ ಬಂದಿರಲಿಲ್ಲ. "ಅಪ್ಪಾ, ಇದಕ್ಕೆ ನಮ್ಮ ಟೀಚರ್ ಸೊನ್ನೆ ಕೊಡ್ತಾರೆ" ಎಂದಳು.

ಬಾಗಿಲಿಗೆ ಬಂದ ಕಾರ್ಯಕರ್ತರ ವಿಷಯದಲ್ಲಿ ನನ್ನಿಂದ ಒಂದು ಅಪಚಾರವಾಯಿತು. ಮಳೆಯಲ್ಲಿ ಬಂದವರನ್ನು ಹೊಸ್ತಿಲಲ್ಲೇ ಮಾತಾಡಿಸಿ ಕಳಿಸುವುದು ಇಲ್ಲಿನ ರೂಢಿ. ನನ್ನಿಂದ ಆಗಲಿಲ್ಲ. ಲೇಬರ್ ಪಕ್ಷದ ಕೆಂಪು ಬಿಲ್ಲೆಯವರನ್ನು ಒಳಗೆ ಕರೆದು ಕಾಫಿ ಕೊಟ್ಟೆ, ಜೊತೆಗೆ ಕೋಡುಬಳೆ. ಮರುದಿನ ಸುನಕ್ ಪಕ್ಷದ ನೀಲಿ ಬಿಲ್ಲೆಯವರು ಬಂದರು, ಅವರಿಗೂ ಕೊಡದಿದ್ದರೆ ಪಂಕ್ತಿಭೇದವಾಗುತ್ತಿತ್ತು. ಲಿಬರಲ್ ಡೆಮಾಕ್ರಟ್ ಪಕ್ಷದ ಹಳದಿಯವರು ಎರಡನೇ ಸಲ ಕೋಡುಬಳೆಗೇ ಬಂದಂತಿತ್ತು. ಮೂವರೂ ಹೊರಡುವಾಗ ತಮ್ಮ ಪಟ್ಟಿಯಲ್ಲಿ ಏನೋ ಗುರುತು ಹಾಕಿಕೊಂಡು, ತುಂಬ ಸಂತೋಷದಿಂದ ಕೈ ಕುಲುಕಿ ಹೋದರು.

ಇನ್ನು ನಾಯಕರು. ಟಿವಿ ಮುಂದೆ ಕೂತು ನಾನು ಮಾಡಿದ್ದು ವರಪರೀಕ್ಷೆಯೇ.

ಲೇಬರ್ ಪಕ್ಷದ ಕೀರ್ ಸ್ಟಾರ್ಮರ್ ಎಲ್ಲಿ ಹೋದರೂ "ನನ್ನ ತಂದೆ ಕಾರ್ಖಾನೆಯಲ್ಲಿ ಹತಾರ ಮಾಡುತ್ತಿದ್ದರು, ತಾಯಿ ನರ್ಸ್" ಎಂದು ಶುರುಮಾಡುತ್ತಿದ್ದರು. ಗ್ರಿಮ್ಸ್‌ಬಿಯ ಟಿವಿ ಕಾರ್ಯಕ್ರಮದಲ್ಲಿ ಈ ಮಾತು ಬಂದಾಗ ಸಭಿಕರು ನಕ್ಕೇಬಿಟ್ಟರು. ನನಗೆ ನಗು ಬರಲಿಲ್ಲ. ಪ್ರತಿ ಮದುವೆಯಲ್ಲೂ "ನಾನು ಹೈಸ್ಕೂಲಿಗೆ ಬರಿಗಾಲಲ್ಲಿ ಹೊಳೆ ದಾಟಿ ಹೋದವನು" ಎನ್ನುವ ಸೋದರಮಾವ ನನಗೂ ಇದ್ದಾರೆ. ಮಾತು ಸುಳ್ಳಲ್ಲ, ಬೇಸರ ಅಷ್ಟೇ. ಇದಕ್ಕೆ ಪೈಪೋಟಿಯಂತೆ, ಬಾಲ್ಯದಲ್ಲಿ ನಿಮಗೇನಿರಲಿಲ್ಲ ಎಂದು ಕೇಳಿದಾಗ ಸುನಕ್ ತಮ್ಮ ಮನೆಯಲ್ಲಿ ಸ್ಕೈ ಟಿವಿ ಇರಲಿಲ್ಲ ಎಂದರು. ಡಾಕ್ಟರ ಮಗ, ಸ್ವಂತ ಔಷಧಿ ಅಂಗಡಿಯ ಮನೆ. ಬಡತನ ಹೇಳಿಕೊಳ್ಳಲಿಕ್ಕೂ ಸ್ವಲ್ಪ ಬಂಡವಾಳ ಬೇಕು. ಈ ಕಲೆಯಲ್ಲಿ ನಮ್ಮ ಕಡೆಯ ನಾಯಕರನ್ನು ಮೀರಿಸುವವರು ಇಲ್ಲಿಲ್ಲ.

ಸುನಕ್ ಬಗ್ಗೆ ಅಮ್ಮನ ಮುಲಾಜು ನನಗೂ ಸ್ವಲ್ಪ ಅಂಟಿತ್ತು. ಅದನ್ನು ತೊಳೆದುಹಾಕಿದವರು ಪಕ್ಕದ ಮನೆಯ ಅಜ್ಜಿ. ವಯಸ್ಸು ತೊಂಬತ್ತರ ಹತ್ತಿರ, ಮತ ಕೊಟ್ಟಾಗೆಲ್ಲ ನೀಲಿಗೇ ಕೊಟ್ಟವರು. ಜೂನ್ 6ರಂದು ನಾರ್ಮಂಡಿಯಲ್ಲಿ ಎರಡನೇ ಮಹಾಯುದ್ಧದ ಡಿ-ಡೇ ಕಾಳಗದ ಎಂಬತ್ತನೇ ವರ್ಷದ ಸ್ಮರಣೆ ನಡೆದಾಗ ಪ್ರಧಾನಿ ಅರ್ಧಕ್ಕೇ ಎದ್ದು ಬಂದರು, ಮರುದಿನ ಕ್ಷಮೆಯನ್ನೂ ಕೇಳಿದರು. ಅಜ್ಜಿ ಬೇಲಿಯಾಚೆ ಗುಲಾಬಿ ಸವರುತ್ತಿದ್ದರು. ಬೈಯಲಿಲ್ಲ. ಕತ್ತರಿಯನ್ನು ಏಪ್ರನ್ನಿನ ಜೇಬಿಗೆ ಹಾಕಿಕೊಂಡು, "ಅವನು ಹಾಗೆ ಮಾಡಬಾರದಿತ್ತು" ಎಂದಷ್ಟೇ ಹೇಳಿ ಒಳಗೆ ಹೋದರು. ಅಮ್ಮನಿಗೆ ಇದನ್ನು ಹೇಗೆ ತಿಳಿಸುವುದೆಂದು ಯೋಚಿಸಿ, "ಹಿರಿಯರು ಕೂತ ಪಂಕ್ತಿಯಲ್ಲಿ ಪಾಯಸ ಬರುವ ಮೊದಲೇ ಎದ್ದು ಕೈ ತೊಳೆದ ಹಾಗೆ" ಎಂದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಳಿಯ ಆದ್ರೂ ಎದ್ದಿದ್ದು ತಪ್ಪೇ" ಎಂದರು.

ಲಿಬರಲ್ ಡೆಮಾಕ್ರಟ್ ಪಕ್ಷದ ಎಡ್ ಡೇವಿ ಬೇರೆಯೇ ಜಾತಿ. ವಿಂಡರ್‌ಮಿಯರ್ ಸರೋವರದಲ್ಲಿ ಹಲಗೆಯ ಮೇಲೆ ನಿಂತು ಹುಟ್ಟುಹಾಕಲು ಹೋಗಿ ಮತ್ತೆ ಮತ್ತೆ ನೀರಿಗೆ ಬಿದ್ದರು. ನದಿ, ಕೆರೆಗಳಿಗೆ ಚರಂಡಿ ನೀರು ಬಿಡುತ್ತಿದ್ದಾರೆ ಎಂದು ತೋರಿಸುವುದು ಉದ್ದೇಶ. ಆಮೇಲೆ ಜಾರುಬಂಡಿ, ಆಮೇಲೆ ಕಾಲಿಗೆ ರಬ್ಬರಿನ ಹಗ್ಗ ಕಟ್ಟಿಕೊಂಡು ಎತ್ತರದಿಂದ ಧುಮುಕಿದ್ದು. ತೇಲುವ ಮತದಾರನಿಗಾಗಿ ನೀರಿಗೇ ಬಿದ್ದ ನಾಯಕ ಇವರೊಬ್ಬರೇ! ನಮ್ಮ ಮನೆಯ ಟಿವಿಯಲ್ಲಿ ಅವರು ಬಂದರೆಂದರೆ ಮಕ್ಕಳು ಓಡಿಬರುತ್ತಿದ್ದರು. ಒಂದು ಸಂಜೆ ಮಾತ್ರ ಅವರು ಯಾವುದಕ್ಕೂ ಬೀಳಲಿಲ್ಲ. ಅಂಗವಿಕಲ ಮಗನನ್ನು ದಿನವೂ ನೋಡಿಕೊಳ್ಳುವ ಬಗೆಯನ್ನೂ, ಹುಡುಗನಾಗಿದ್ದಾಗ ಕ್ಯಾನ್ಸರಿನ ತಾಯಿಯ ಆರೈಕೆ ಮಾಡಿದ್ದನ್ನೂ ಹೇಳಿದರು. ಬಟ್ಟೆ ಮಡಚುತ್ತಿದ್ದ ಹೆಂಡತಿ ಮಡಚುವುದನ್ನು ನಿಲ್ಲಿಸಿದಳು. ಮುಗಿದ ಮೇಲೆ ಅವಳು ಕೇಳಿದ್ದಿಷ್ಟೇ: "ಇದನ್ನು ಹೇಳೋಕೆ ಅಷ್ಟೆಲ್ಲ ಬೀಳಬೇಕಿತ್ತಾ?"

ನೈಜೆಲ್ ಫರಾಜ್ ಈ ಸಲ ನಿಲ್ಲುವುದಿಲ್ಲ ಎಂದವರು ಜೂನ್ 3ಕ್ಕೆ ನಿಲ್ಲುತ್ತೇನೆ ಎಂದರು, ರಿಫಾರ್ಮ್ ಪಕ್ಷದ ಮುಂದಾಳೂ ಆದರು. ಮರುದಿನವೇ ಕ್ಲಾಕ್ಟನ್ನಿನಲ್ಲಿ ಅವರ ಮುಖಕ್ಕೆ ಯಾರೋ ಮಿಲ್ಕ್‌ಶೇಕ್ ಎರಚಿದರು. ಅಭಿಷೇಕವಾದರೂ ನಗುತ್ತಲೇ ಇದ್ದರು. ಮಾತುಗಾರ ಎಂದರೆ ಮಾತುಗಾರ. ಒಂದು ರಾತ್ರಿ ಅವರ ಭಾಷಣ ಕೇಳುತ್ತಾ, ಆಸ್ಪತ್ರೆಯಲ್ಲಿ ಸರದಿ, ಮನೆಗಳ ಬೆಲೆ, ರಸ್ತೆಯಲ್ಲಿ ಜನ ಎಂದೆಲ್ಲ ಅವರು ಹೇಳಿದಂತೆ ತಲೆದೂಗುತ್ತಾ ಹೋದೆ. ಸುಮಾರು ಹತ್ತು ನಿಮಿಷ ತೂಗಿದ ಮೇಲೆ ಹೊಳೆಯಿತು, ಇವರು ಹೇಳುತ್ತಿರುವ ಆ ಜಾಸ್ತಿ ಜನ ನಾನೇ.

ಹಸಿರು ಪಕ್ಷಕ್ಕೆ ಆಗ ಇಬ್ಬರು ನಾಯಕರಿದ್ದರು. ಒಬ್ಬರನ್ನೇ ತೂಗಿ ನೋಡಲಾಗದವನು ಇಬ್ಬರನ್ನು ಎಲ್ಲಿ ತೂಗುವುದು, ಬಿಟ್ಟೆ.

ಮತದಾನದ ಹಿಂದಿನ ಭಾನುವಾರ ನಾವು ಥೇಮ್ಸ್ ದಂಡೆಯ ಬಸವಣ್ಣನವರ ಹತ್ತಿರ ಹೋದೆವು. ಕಲಬುರಗಿ ಕಡೆಯವರಾದ, ಲ್ಯಾಂಬೆತ್ ಮೇಯರ್ ಆಗಿದ್ದ ನೀರಜ್ ಪಾಟೀಲರ ಪ್ರಯತ್ನದಿಂದ ನಿಂತ ಆ ಪ್ರತಿಮೆ 2015ರ ನವೆಂಬರಿನಲ್ಲಿ ಅನಾವರಣಗೊಂಡದ್ದು. ಆಚೆ ದಡದಲ್ಲಿ ಪಾರ್ಲಿಮೆಂಟು. ಪುಳಿಯೋಗರೆ ಡಬ್ಬಿ ಬಿಚ್ಚಿ ಕೂತು ನೀರು ನೋಡುತ್ತಿದ್ದೆ. ಒಂದು ಪ್ಲಾಸ್ಟಿಕ್ ಬಾಟಲಿ ಸಮುದ್ರದ ಕಡೆಯಿಂದ, ಅಂದರೆ ಉಲ್ಟಾ, ಪಾರ್ಲಿಮೆಂಟನ್ನು ದಾಟಿ ನಮ್ಮ ಕಡೆಗೆ ತೇಲಿಕೊಂಡು ಬಂತು. ಶರಾವತಿ ನೋಡಿ ಬೆಳೆದವನಿಗೆ ನದಿ ಹೀಗೆ ಹಿಂದಕ್ಕೆ ಹರಿಯುವುದು ಇವತ್ತಿಗೂ ಅಭ್ಯಾಸವಾಗಿಲ್ಲ. ಸಮುದ್ರದ ಉಬ್ಬರ ಲಂಡನ್ನಿನ ಒಳಗಿನ ತನಕ ಬರುತ್ತದೆ. ಸುಮಾರು ಆರು ಗಂಟೆ ಮೇಲಕ್ಕೆ, ಆರು ಗಂಟೆ ಕೆಳಕ್ಕೆ. ಬಾಟಲಿಯನ್ನೇ ನೋಡುತ್ತಿದ್ದ ನನ್ನನ್ನು ಹೆಂಡತಿ ನೋಡಿದಳು. "ಏನ್ರೀ, ನಿಮ್ಮ ಪಕ್ಷದವರಾ?" ಎಂದಳು.

ಜುಲೈ 4, ಗುರುವಾರ. ನಮ್ಮ ಮತಗಟ್ಟೆ ಚರ್ಚಿನ ಹಾಲು. ಬಾಗಿಲಲ್ಲಿ ಎರಡು ನಾಯಿಗಳನ್ನು ಕಟ್ಟಿದ್ದರು, ಯಜಮಾನರು ಒಳಗೆ ಪ್ರಜಾಪ್ರಭುತ್ವದಲ್ಲಿ ತೊಡಗಿದ್ದರು. ಫೋಟೋ ಇರುವ ಗುರುತಿನ ಚೀಟಿ ಬೇಕೆಂಬ ನಿಯಮ ಇಂಗ್ಲೆಂಡಿನಲ್ಲಿ ಸಾರ್ವತ್ರಿಕ ಚುನಾವಣೆಗೆ ಬಂದದ್ದು ಇದೇ ಮೊದಲು. ಹಿರಿಯರ ಬಸ್ ಪಾಸ್ ನಡೆಯುತ್ತದೆ, ಯುವಕರ ರೈಲ್ ಕಾರ್ಡ್ ನಡೆಯುವುದಿಲ್ಲ. ನನ್ನ ಭಾರತದ ಪಾಸ್‌ಪೋರ್ಟು ಧಾರಾಳವಾಗಿ ನಡೆಯಿತು. ಮೇಜಿನ ಹಿಂದಿದ್ದ ಹೆಂಗಸು ಹೆಸರಿನ ಕೆಳಗೆ ಸ್ಕೇಲು ಹಿಡಿದು, ಮೂರು ತುಂಡು ಮಾಡಿ ಓದಿ, ಗೆರೆ ಎಳೆದರು. ನಾನು ರೂಢಿಯಂತೆ ಎಡಗೈ ತೋರುಬೆರಳು ಚಾಚಿದೆ. ಅವರು ಬೆರಳನ್ನೂ ನನ್ನನ್ನೂ ನೋಡಿ, ಗಾಯವಾಗಿದೆಯೇ ಎಂದು ವಿಚಾರಿಸಿದರು. 1962ರಿಂದ ಮೈಸೂರಿನ ಕಾರ್ಖಾನೆಯಲ್ಲಿ ತಯಾರಾಗುವ ಆ ಶಾಯಿಯ ಕತೆಯನ್ನು ಹಿಂದೆ ಸಾಲಿದ್ದಾಗ ಹೇಳುವುದು ಸರಿಯಲ್ಲವೆಂದು ಸುಮ್ಮನಾದೆ.

ಪ್ಲೈವುಡ್ಡಿನ ಮರೆ, ದಾರದಲ್ಲಿ ಕಟ್ಟಿದ ಮೋಟು ಪೆನ್ಸಿಲ್. ಮೇಷ್ಟ್ರು ತಪ್ಪು ಲೆಕ್ಕಕ್ಕೆ ಎಳೆಯುತ್ತಿದ್ದ ಗುಣಿಸು ಗುರುತೇ ಇಲ್ಲಿ ಒಪ್ಪಿಗೆಯ ಗುರುತು. 2015ರಲ್ಲಿ ಮೊದಲ ಸಲ ಬಂದಾಗ ಬೇಡದವರಿಗೆಲ್ಲ ಅದನ್ನು ಹಾಕಿಬಿಡುವುದರಲ್ಲಿದ್ದೆ. ಈ ಸಲ ಚೀಟಿಯನ್ನು ಮೇಲಿನಿಂದ ಕೆಳಗೆ ಓದಿದೆ. ಆರು ವಾರ ನಾನು ಯಾರನ್ನು ಕೂರಿಸಿ, ನಿಲ್ಲಿಸಿ, ಅವರ ಅಪ್ಪನ ಉದ್ಯೋಗದವರೆಗೆ ವಿಚಾರಿಸಿದ್ದೆನೋ ಆ ಯಾರ ಹೆಸರೂ ಅಲ್ಲಿರಲಿಲ್ಲ. ಇದ್ದವರು ನಮ್ಮ ಕ್ಷೇತ್ರದ ಯಾರೋ ಏಳು ಜನ. ಅವರಲ್ಲೊಬ್ಬರು ನಮ್ಮ ಮನೆಯ ಕೋಡುಬಳೆ ತಿಂದಿದ್ದರು ಎನ್ನುವುದೊಂದೇ ನನಗೆ ಖಾತ್ರಿಯಾಗಿ ಗೊತ್ತಿದ್ದ ಸಂಗತಿ. ಪೆನ್ಸಿಲ್ ಎತ್ತಿಕೊಂಡೆ.

ರಾತ್ರಿ ಹತ್ತಕ್ಕೆ ಟಿವಿಯವರು ಲೇಬರಿಗೆ 410 ಸ್ಥಾನ ಎಂದರು, ಬಂದದ್ದು 411. ಶೇಕಡಾ 34ರಷ್ಟು ಮತಕ್ಕೆ ಅಷ್ಟು. ಫರಾಜ್ ಪಕ್ಷಕ್ಕೆ ಶೇಕಡಾ 14 ಮತ, 5 ಸ್ಥಾನ. ನೀರಿಗೆ ಬಿದ್ದವರಿಗೆ ಶೇಕಡಾ 12 ಮತ, 72 ಸ್ಥಾನ. ಈ ಗಣಿತ ನಮಗೆ ಹೊಸತಲ್ಲ, ಇವರಿಂದಲೇ ಕಲಿತದ್ದು. ನಾನು ನಿದ್ದೆಗೆಟ್ಟು ಕಾದದ್ದು ಇದಕ್ಕಲ್ಲ, ಬೆಳಗಿನ ಜಾವ ಯಾರ್ಕ್‌ಶೈರಿನ ಫಲಿತಾಂಶ ಘೋಷಣೆಗೆ. ಇಲ್ಲಿನ ಪದ್ಧತಿಯಂತೆ ಅಭ್ಯರ್ಥಿಗಳೆಲ್ಲ ಒಂದೇ ವೇದಿಕೆಯಲ್ಲಿ ನಿಲ್ಲುತ್ತಾರೆ. ಪ್ರಧಾನಿ ಸುನಕ್ ಜೊತೆ ನಿಂತಿದ್ದರು ಕೌಂಟ್ ಬಿನ್‌ಫೇಸ್ ಎಂಬ ತಮಾಷೆಯ ಅಭ್ಯರ್ಥಿ, ತಲೆಗೆ ಕಸದ ಡಬ್ಬಿ ಕವುಚಿಕೊಂಡು, ಹಿಂದೆ ನಿಲುವಂಗಿ ಇಳಿಬಿಟ್ಟುಕೊಂಡು. 500 ಪೌಂಡ್ ಠೇವಣಿ ಕಟ್ಟಿ 308 ಮತ ಪಡೆದಿದ್ದರು. ಸರ್ಕಾರ ಕಳೆದುಕೊಂಡ ಮನುಷ್ಯ ಗಂಭೀರವಾಗಿ ಮಾತಾಡುತ್ತಿದ್ದಾರೆ, ಅದೇ ವೇದಿಕೆಯಲ್ಲಿ ಕಸದ ಡಬ್ಬಿ ವಿನಯದಿಂದ ಕೇಳಿಸಿಕೊಳ್ಳುತ್ತಿದೆ. ಯಾರೂ ಅದನ್ನು ಆಚೆ ಹೋಗು ಎನ್ನಲಿಲ್ಲ. ಯಕ್ಷಗಾನದಲ್ಲಿ ರಾಜನ ಪಕ್ಕ ಹಾಸ್ಯಗಾರನಿಗೆ ಜಾಗ ಕೊಡುವವರು ನಾವು. ಈ ದೇಶದ ಮೇಲೆ ನನಗೆ ನಿಜವಾಗಿ ಪ್ರೀತಿ ಹುಟ್ಟಿದ ಗಳಿಗೆಗಳಲ್ಲಿ ಅದೂ ಒಂದು.

ಬೆಳಗ್ಗೆ ಸುನಕ್ ಮತ್ತೆ ಅದೇ ಹತ್ತನೇ ನಂಬರಿನ ಮುಂದೆ ನಿಂತು ರಾಜೀನಾಮೆ ಹೇಳಿದರು, ಹಿಂದೆ ಕೆಂಪು, ನೀಲಿ, ಬಿಳಿ ಪಟ್ಟಿಯ ಉಡುಪಿನಲ್ಲಿ ಅಕ್ಷತಾ. ಅಮ್ಮ ಅಲ್ಲಿ ನೋಡುತ್ತಿದ್ದರು, ನಾನು ಇಲ್ಲಿ, ನಡುವೆ ಫೋನು.

"ನೋಡಿದ್ಯನ?" ಎಂದರು.

"ಸೋತರಲ್ಲ ಅಮ್ಮ."

"ಅದಲ್ಲ ಮಾರಾಯ. ಆ ಹುಡುಗಿ ಕೈಯಲ್ಲಿ ನೋಡು. ಇವತ್ತು ಕೊಡೆ ತಂದಿದಾಳೆ."